ಧರ್ಣಪ್ಪ ಮಾಮ ಮತ್ತು ನೆರಿಯದ ಆಕಾಶದ ತಟ್ಟೆ

ಬಂಟ್ವಾಳ ಪೇಟೆಯ ಹಳಬರ ಹತ್ತಿರ ಧರ್ಣಪ್ಪ ಮಾಮನ ಹೆಸರೆತ್ತಿದರೆ, "ಯಾರು, ಆ ಹಾರುವ ತಟ್ಟೆಯ ಫೋಟೊದವರಾ?" ಎಂದು ಕೇಳುತ್ತಾರೆ. ನನಗೆ ಮೈ ಉರಿಯುತ್ತದೆ. ಆ ಮನುಷ್ಯ ಈ ಊರಿನ ಅರ್ಧ ಜನರ ಮದುವೆಗೆ, ತೊಟ್ಟಿಲಿಗೆ, ಚಟ್ಟಕ್ಕೆ ಕ್ಯಾಮೆರಾ ಹೊತ್ತುಕೊಂಡು ನಡೆದವರು. ಆ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗಿ, ಜನರ ಬಾಯಲ್ಲಿ ಒಂದು ತಟ್ಟೆ ಮಾತ್ರ ಉಳಿದಿದೆ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ತಟ್ಟೆಯ ವಿಷಯವನ್ನೂ ಬರೆಯುತ್ತೇನೆ, ಅದನ್ನು ಬಿಟ್ಟರೆ ನೀವು ಓದುವುದಿಲ್ಲ ಎಂದು ಗೊತ್ತು.

ಅವರು ಮೂಡುಬಿದಿರೆಯ ಕಡೆಯವರು. ಮಂಗಳೂರಿನ ಒಂದು ಸ್ಟುಡಿಯೊದಲ್ಲಿ ಮೊದಲು ನೆಲ ಗುಡಿಸಿ, ಆಮೇಲೆ ಕತ್ತಲೆಕೋಣೆಯ ಕೆಲಸ ಕಲಿತು, ಸ್ವಾತಂತ್ರ್ಯ ಬಂದ ಮರುವರ್ಷ ಬಂಟ್ವಾಳ ಪೇಟೆಯಲ್ಲಿ ಸ್ವಂತ ಅಂಗಡಿ ಹಾಕಿದರು. ಮಾಡಿನ ಮೂಡು ಬದಿಯ ಹಂಚುಗಳನ್ನು ತೆಗೆದು ಗಾಜಿನ ಹಂಚು ಕೂರಿಸಿದ್ದರು. ಅದರಿಂದ ಇಳಿಯುವ ಬೆಳಕೇ ಅವರ ಬಂಡವಾಳ. ಮೋಡ ಕವಿದರೆ ವ್ಯಾಪಾರ ಬಂದ್. ಮಳೆಗಾಲದಲ್ಲಿ ಯಾರಾದರೂ ಕೊಡೆ ಹಿಡಿದುಕೊಂಡು ಫೋಟೊ ತೆಗೆಸಲು ಬಂದರೆ, "ಈಗ ತೆಗೆದರೆ ನಿಮ್ಮ ಕೊಡೆಯೂ ನೀವೂ ಒಂದೇ ಹಾಗೆ ಕಾಣ್ತೀರಿ. ನವರಾತ್ರಿಗೆ ಬನ್ನಿ" ಎಂದು ವಾಪಸು ಕಳಿಸುತ್ತಿದ್ದರು.

ನೆಗೆಟಿವಿನ ಮೇಲೆ ಸಣ್ಣ ಪೆನ್ಸಿಲು ಆಡಿಸಿ ಸಿಡುಬಿನ ಕಲೆ, ಮೊಡವೆಯ ಗುಳಿ ಮುಚ್ಚುವುದು ಆಗ ಎಲ್ಲ ಸ್ಟುಡಿಯೊದವರೂ ಮಾಡುತ್ತಿದ್ದ ಕೆಲಸ. ಮಾಮನೂ ಮಾಡುತ್ತಿದ್ದರು. ಆದರೆ ಅವರದ್ದೊಂದು ಕಾನೂನು ಇತ್ತು. "ಇದ್ದದ್ದನ್ನು ಸ್ವಲ್ಪ ಒರಸಬಹುದು. ಇಲ್ಲದ್ದನ್ನು ತಂದು ಇಡ್ಲಿಕ್ಕಾಗದು." ಒಮ್ಮೆ ಒಬ್ಬ ಮದುಮಗ, ಫೋಟೊದಲ್ಲಿ ತನ್ನ ಕೈಗೆ ಒಂದು ವಾಚು ಬರೆದುಕೊಡಿ ಎಂದು ಹಠ ಹಿಡಿದ. ಮಾಮ ತಮ್ಮ ವಾಚು ಬಿಚ್ಚಿ ಅವನ ಕೈಗೆ ಕಟ್ಟಿ, ಅವನನ್ನು ಪುನಃ ಕೂರಿಸಿ ಇನ್ನೊಂದು ಫೋಟೊ ತೆಗೆದರು. ಬರೆದುಬಿಟ್ಟಿದ್ದರೆ ಅರ್ಧ ಗಂಟೆಯ ಕೆಲಸ. ಹೀಗಾಗಿ ಹುಡುಗಿ ನೋಡುವ ಮಾತುಕತೆಯಲ್ಲಿ ಧರ್ಣಪ್ಪನ ಅಂಗಡಿಯ ಫೋಟೊ ಬಂತೆಂದರೆ ಹುಡುಗಿಯನ್ನು ಕಣ್ಣಾರೆ ಕಂಡ ಹಾಗೆಯೇ ಎಂದು ಬೆಳ್ತಂಗಡಿಯವರೆಗೂ ನಂಬಿಕೆ ಇತ್ತು. ಆ ನಂಬಿಕೆಯೇ ಅವರ ಅನ್ನ, ಅದೇ ಅವರ ಮಾನ.

ಆ ಕಾನೂನನ್ನು ಅವರು ಒಂದೇ ಸಲ ಮುರಿದರು, ಅದೂ ನಮ್ಮ ಮನೆಗೋಸ್ಕರ. ಇದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಆದರೆ ಮುಂದಿನದ್ದು ನಿಮಗೆ ಅರ್ಥವಾಗಬೇಕಾದರೆ ಈಗಲೇ ಹೇಳಿಬಿಡಬೇಕು.

ನನ್ನ ಅಪ್ಪ ಡೊಂಬಯ್ಯ ನರಿಕೊಂಬಿನವರು, ನೇತ್ರಾವತಿಯಲ್ಲಿ ಮಂಗಳೂರಿಗೆ ಸರಕಿನ ದೋಣಿ ನಡೆಸುತ್ತಿದ್ದವರು. ನನಗೆ ನಾಲ್ಕು ವರ್ಷವಾಗಿದ್ದಾಗ ವಿಷಮಶೀತ ಜ್ವರದಲ್ಲಿ ತೀರಿಕೊಂಡರು. ಬದುಕಿದ್ದಾಗ ಫೋಟೊ ತೆಗೆಸಿದವರಲ್ಲ. ಆಗ ನಮ್ಮಲ್ಲಿ ಹೆಣ ಎತ್ತುವ ಮೊದಲು ಅದನ್ನು ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ಒಂದು ಫೋಟೊ ತೆಗೆಸಿಡುವ ಕ್ರಮ ಇತ್ತು. ಹೊಸ ಅಂಗಡಿಯ ಧರ್ಣಪ್ಪ ಮಾಮನನ್ನು ಕರೆಸಿದರು. ಅವರು ಅಪ್ಪನನ್ನು ನೋಡಿದ್ದೇ ಆ ದಿನ, ಆ ಕುರ್ಚಿಯಲ್ಲಿ. ಫೋಟೊ ತೊಳೆದು ತಂದುಕೊಟ್ಟಾಗ ನನ್ನ ಅಮ್ಮ ಸೇಸಮ್ಮ ಅದನ್ನು ಒಮ್ಮೆ ನೋಡಿ ಮಗುಚಿ ಹಾಕಿದರಂತೆ. "ಕಣ್ಣು ಮುಚ್ಚಿದ ಮುಖ ಗೋಡೆಯಲ್ಲಿ ಬೇಡ. ಮಗು ಹೆದರ್ತದೆ" ಎಂದರಂತೆ.

ಮಾಮ ಅದನ್ನು ತೆಗೆದುಕೊಂಡು ಹೋದರು. ಕೆಲವು ದಿನ ಬಿಟ್ಟು ಬೇರೆ ಫೋಟೊ ತಂದರು. ಅದರಲ್ಲಿ ಅಪ್ಪನ ಕಣ್ಣು ತೆರೆದಿತ್ತು. "ಸೇಸಕ್ಕ, ಹೋದ ವರ್ಷ ಹೊಳೆಯ ಕಡವಿನಲ್ಲಿ ದೋಣಿಗಳ ಫೋಟೊ ತೆಗೆದಿದ್ದೆ. ಅದರ ಮೂಲೆಯಲ್ಲಿ ಇವರು ನಿಂತಿದ್ದದ್ದು ಮೊನ್ನೆ ಕಂಡಿತು. ಅದನ್ನೇ ದೊಡ್ಡದು ಮಾಡಿದೆ" ಎಂದರು. ಕಡವಿನ ಫೋಟೊ ಎಂಬುದೇ ಇರಲಿಲ್ಲ. ಸತ್ತ ಮುಖದ ಮೇಲೆ ಕುಂಚ ಹಿಡಿದು ಅವರೇ ಕಣ್ಣು ಬರೆದಿದ್ದರು. ನಮ್ಮ ಮನೆಯಲ್ಲಿ ಅದು "ಅಪ್ಪ ಬದುಕಿದ್ದಾಗಿನ ಫೋಟೊ" ಆಗಿ ಗೋಡೆಗೆ ಹತ್ತಿತು. ನಾನು ಪರೀಕ್ಷೆಯ ಮಾರ್ಕುಗಳನ್ನು ಅದಕ್ಕೆ ಒಪ್ಪಿಸುತ್ತಾ ದೊಡ್ಡವಳಾದೆ. ಮಾಮ ಹಬ್ಬಕ್ಕೊಮ್ಮೆ ನಮ್ಮಲ್ಲಿಗೆ ಬರುತ್ತಿದ್ದರು, ಆದರೆ ಆ ಗೋಡೆಗೆ ಬೆನ್ನು ಹಾಕಿಯೇ ಕೂರುತ್ತಿದ್ದರು.

ಇನ್ನು ತಟ್ಟೆ. ಸಾವಿರದ ಒಂಬೈನೂರ ಅರವತ್ತಮೂರು, ಚೀನಾ ಯುದ್ಧ ಮುಗಿದ ಹೊಸತು. ನಾನು ಟೀಚರ್ ತರಬೇತಿ ಮುಗಿಸಿ ಊರ ಶಾಲೆಗೆ ಸೇರಿದ್ದೆ. ಘಟ್ಟದ ಬುಡದ ನೆರಿಯ ಎಂಬ ಊರಿನಲ್ಲಿ ಮರದ ವ್ಯಾಪಾರ ಮಾಡುತ್ತಿದ್ದ ಅಬ್ದುಲ್ ಸಲಾಂ ಸಾಹುಕಾರರು ಹೊಸ ಲಾರಿ ತೆಗೆದುಕೊಂಡರು. ಲಾರಿಗೆ ಮಾಲೆ ಹಾಕಿ, ಎದುರಿಗೆ ಮನೆಯವರನ್ನೆಲ್ಲ ನಿಲ್ಲಿಸಿ, ಹಿಂದೆ ಘಟ್ಟ ಕಾಣುವ ಹಾಗೆ ಒಂದು ಫೋಟೊ ಬೇಕೆಂದು ಮಾಮನನ್ನು ಕರೆಸಿದರು. ಮರ ಲೋಡು ಮಾಡುವ ಆಳುಗಳೂ ತಲೆಗೆ ಮುಟ್ಟಾಳೆ ಇಟ್ಟುಕೊಂಡು ಲಾರಿಯ ಮೇಲೆ ಹತ್ತಿ ನಿಂತರು. ಮುಟ್ಟಾಳೆ ಎಂದರೆ ಅಡಕೆಯ ಹಾಳೆಯ ಟೊಪ್ಪಿ, ನಮ್ಮ ಕಡೆಯ ದುಡಿಯುವವರ ಕಿರೀಟ.

ಮಾಮ ನೆಗೆಟಿವ್ ತೊಳೆದು ನೋಡುತ್ತಾರೆ, ಘಟ್ಟದ ಮೇಲಿನ ಆಕಾಶದಲ್ಲಿ ದುಂಡಗಿನದ್ದೊಂದು ನಿಂತಿದೆ. ನೀರಿನ ಗುಳ್ಳೆ ಎಂದುಕೊಂಡು ಇನ್ನೊಮ್ಮೆ ತೊಳೆದರು. ಹೋಗಲಿಲ್ಲ. ಭೂತಗನ್ನಡಿ ಹಿಡಿದರೆ ಅದಕ್ಕೊಂದು ಅಂಚು, ಅಡಿಯಲ್ಲಿ ನೆರಳು. ಒರಸಿಬಿಡಬಹುದಿತ್ತು, ಅವರ ಕಾನೂನೇ ಅದಕ್ಕೆ ಅನುಮತಿ ಕೊಟ್ಟಿತ್ತು. ಆದರೆ ಅದು ಕಲೆಯೋ ವಸ್ತುವೋ ಎಂದು ಗೊತ್ತಿಲ್ಲದೆ ಕೈಯಾಡಿಸುವುದು ಸರಿಯಲ್ಲವೆಂದು ಹಾಗೆಯೇ ಪ್ರಿಂಟು ಹಾಕಿ ಕೊಟ್ಟರು.

"ಧರ್ಣಪ್ಪಣ್ಣ, ನನ್ನ ಲಾರಿಯ ಮೇಲೆ ಇದೆಂತ ಬಂದು ಕೂತದ್ದು?" ಎಂದು ಕೇಳಿದರು ಸಲಾಂ ಸಾಹುಕಾರರು.

"ಗೊತ್ತಿಲ್ಲ ಸಾಹುಕಾರ್ರೇ. ನಿಮ್ಮ ಮಕ್ಕಳು ಅಲುಗಾಡ್ತಾರಾ ಅಂತ ನಾನು ನೋಡ್ತಾ ಇದ್ದೆ. ಆಕಾಶ ಯಾರು ನೋಡ್ತಾರೆ?"

ಸಾಹುಕಾರರ ಭಾವ ಅದರ ಒಂದು ಪ್ರತಿಯನ್ನು ಮಂಗಳೂರಿನ ಪತ್ರಿಕೆಯೊಂದಕ್ಕೆ ಕೊಟ್ಟರು. "ನೆರಿಯದ ಆಕಾಶದಲ್ಲಿ ಹಾರುವ ತಟ್ಟೆ?" ಎಂದು ಅಚ್ಚಾಯಿತು. ಆ ಪ್ರಶ್ನಾರ್ಥಕ ಚಿಹ್ನೆಯನ್ನು ಊರಲ್ಲಿ ಯಾರೂ ಓದಲಿಲ್ಲ.

ಸುಲೈಮಾನರ ಚಹಾ ಹೋಟೆಲು ಎರಡು ಪಕ್ಷವಾಯಿತು. ಒಂದು ಪಕ್ಷಕ್ಕೆ ಅದು ಬೇರೆ ಲೋಕದವರ ವಾಹನ. ಇಲ್ಲದಿದ್ದರೆ ರಷ್ಯಾದವರದ್ದು, ತಪ್ಪಿದರೆ ಚೀನಾದವರದ್ದು. ಚೀನಾದವರಿಗೆ ನೆರಿಯದಲ್ಲಿ ಎಂತ ಕೆಲಸ ಎಂದು ಕೇಳಿದರೆ, ಮರ ನೋಡಲಿಕ್ಕೆ ಬಂದದ್ದು ಎನ್ನುತ್ತಿದ್ದರು. ಇನ್ನೊಂದು ಪಕ್ಷಕ್ಕೆ ಅದು ಮುಟ್ಟಾಳೆ. ಲಾರಿಯ ಮೇಲೆ ನಿಂತ ಆಳುಗಳಲ್ಲಿ ಒಬ್ಬನ ತಲೆ ಬರಿದಾಗಿತ್ತು, ಅವನೇ ತನ್ನ ಮುಟ್ಟಾಳೆ ಹಾರಿಸಿದ್ದು ಎಂದು ವಾದ. ಆ ಆಳು, ತಲೆಯಲ್ಲಿ ಕುರು ಆಗಿತ್ತು, ಆ ವಾರವಿಡೀ ಮುಟ್ಟಾಳೆ ಇಟ್ಟಿರಲಿಲ್ಲ ಎಂದು ಕಂಡಕಂಡವರಿಗೆಲ್ಲ ತಲೆ ಬಗ್ಗಿಸಿ ತೋರಿಸುತ್ತಾ ಬಂದ.

ಮುಟ್ಟಾಳೆ ಪಕ್ಷದವರು ಒಂದು ದಿನ ಮಾಮನನ್ನು ಗದ್ದೆಗೆ ಎಳೆದುಕೊಂಡು ಹೋಗಿ, ಮುಟ್ಟಾಳೆ ಎಸೆದು, "ಈಗ ತೆಗೀರಿ ನೋಡುವ" ಎಂದರು. ಮಾಮ ತೆಗೆದರು. ಫೋಟೊ ಬಂದಾಗ ನೋಡಿದರೆ ಹೆಚ್ಚುಕಡಿಮೆ ನೆರಿಯದ್ದರ ಹಾಗೆಯೇ ಇತ್ತು! ಬೇರೆಯವರಾಗಿದ್ದರೆ ಆ ಫೋಟೊವನ್ನು ಒಲೆಗೆ ಹಾಕುತ್ತಿದ್ದರು. ಮಾಮ ಎರಡನ್ನೂ ಅಂಗಡಿಯ ಗಾಜಿನೊಳಗೆ ಅಕ್ಕಪಕ್ಕ ಅಂಟಿಸಿ, ನೋಡಿಕೊಳ್ಳಿ ಎಂದು ಬಿಟ್ಟರು. "ಮುಟ್ಟಾಳೆ ಆಗಿರ್ಲಿಕ್ಕೂ ಸಾಕು. ಆದರೆ ನಾನು ಇಟ್ಟದ್ದಲ್ಲ" ಎಂಬ ಒಂದೇ ಮಾತು ಅವರದ್ದು. ಕಂಡೆನೆಂದು ಹೇಳಿ ಎಂದು ತಟ್ಟೆಯವರು, ಮುಟ್ಟಾಳೆ ಹಾರಿಸಿ ತೆಗೆದೆನೆಂದು ಒಪ್ಪಿಕೊಳ್ಳಿ ಎಂದು ಮುಟ್ಟಾಳೆಯವರು. ಎರಡು ಕಡೆಯವರಿಗೂ ಅವರು ಬೇಡವಾದರು.

ತಮಾಷೆ ತಮಾಷೆಯಾಗಿಯೇ ಉಳಿದಿದ್ದರೆ ಇದನ್ನು ಬರೆಯಬೇಕಾಗಿರಲಿಲ್ಲ. ಬೆಳ್ತಂಗಡಿಯ ಕಡೆಯ ಒಂದು ಸಂಬಂಧದ ಮಾತುಕತೆಯಲ್ಲಿ ಗಂಡಿನ ಕಡೆಯವರು, "ಧರ್ಣಪ್ಪನ ಫೋಟೊ ಅಲ್ವಾ? ಆಕಾಶದಲ್ಲಿ ತಟ್ಟೆ ಇಟ್ಟವನಿಗೆ ಹುಡುಗಿಗೆ ಮೂಗು ಇಡ್ಲಿಕ್ಕೆ ಎಷ್ಟೊತ್ತು?" ಎಂದರಂತೆ. ಮಾತು ಬೆಂಕಿಯ ಹಾಗೆ ಹಬ್ಬಿತು. ಆ ಸಲದ ಮದುವೆಯ ಕಾಲದಲ್ಲಿ ಮದುಮಕ್ಕಳು ಬಸ್ಸು ಹತ್ತಿ ಮಂಗಳೂರಿಗೆ ಹೋಗಿ ಫೋಟೊ ತೆಗೆಸಿಕೊಂಡರು. ಮಾಮನ ಅಂಗಡಿಯ ಕುರ್ಚಿಯಲ್ಲಿ ಗಾಜಿನ ಹಂಚಿನ ಬಿಸಿಲು ಒಂದೇ ಕೂತಿರುತ್ತಿತ್ತು.

ಆಗ ನಡುವೆ ಬಂದವರು ಕುಶಾಲಪ್ಪನವರು. ಕೋರ್ಟಿನಲ್ಲಿ ಸಮನ್ಸು, ಜಪ್ತಿಯ ಅಮೀನರಾಗಿದ್ದು ನಿವೃತ್ತರಾದವರು, ನಮ್ಮ ಊರ ದೈವಸ್ಥಾನದ ಯಜಮಾನಿಕೆ ಅವರ ಮನೆಯದ್ದು. ಕೆಟ್ಟವರಲ್ಲ. ಆದರೆ ಜಗಳ ಎಂದರೆ ಎರಡರಲ್ಲಿ ಒಂದು ಆಗಲೇಬೇಕು ಎನ್ನುವ ಜಾತಿ. ನಮ್ಮ ಕಡೆ ಕೋರ್ಟಿನಲ್ಲಿ ಮುಗಿಯದ ವ್ಯಾಜ್ಯವೂ ಆಣೆಯಲ್ಲಿ ಮುಗಿಯುತ್ತದೆ. ದೈವದ ಎದುರು ನಿಂತು ಸುಳ್ಳು ಹೇಳುವ ಗಂಡೆದೆ ಯಾರಿಗೂ ಇಲ್ಲ, ಆಣೆಗೆ ಬಾರದವನು ಸೋತ ಲೆಕ್ಕ. ಕುಶಾಲಪ್ಪನವರು ಸಂಕ್ರಮಣದ ದಿನ ಗೊತ್ತುಮಾಡಿ, ಆಣೆಯ ಮಾತನ್ನೂ ಅಮೀನರ ಹಾಗೆ ಬಿಗಿಯಾಗಿ ಕಟ್ಟಿದರು: "ನಾನು ತೆಗೆದ ಯಾವ ಫೋಟೊದಲ್ಲೂ ಇಲ್ಲದ್ದನ್ನು ಇದ್ದ ಹಾಗೆ ತೋರಿಸಿಲ್ಲ."

ಮಾಮ, ಲಾರಿಯ ಫೋಟೊ ಒಂದರ ಬಗ್ಗೆ ಮಾತ್ರ ಆಣೆ ಹಾಕುತ್ತೇನೆ ಎಂದರು.

"ಒಂದರದ್ದು ಮಾತ್ರ ಯಾಕೆ? ಹಾಗಾದರೆ ಬೇರೆಯದರಲ್ಲಿ ಎಂತದ್ದೋ ಉಂಟು ಎಂದಾಯ್ತಲ್ಲ! ಯಾವುದರಲ್ಲಿ? ಯಾರದ್ದು?" ಎಂದರು ಕುಶಾಲಪ್ಪನವರು.

ಮಾಮ ಅಲ್ಲಿಂದ ಎದ್ದು ಬಂದರು. ಆ ಮಾತು ಎತ್ತಿದರೆ ಹುಡುಕುತ್ತಾ ಹುಡುಕುತ್ತಾ ಎಲ್ಲಿಗೆ ಬರುತ್ತಾರೆಂದು ಅವರಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ನಾನು ಸಂಜೆ ಶಾಲೆ ಬಿಟ್ಟ ಕೂಡಲೇ ನೇರ ಅಂಗಡಿಗೆ ಹೋದೆ.

"ಮಾಮ, ಹೋಗಿ ಎರಡು ಮಾತು ಹೇಳಿ ಬರ್ಲಿಕ್ಕೆ ನಿಮಗೆ ಎಂತ ಕಷ್ಟ?"

"ಆ ಮಾತು ನನ್ನ ಬಾಯಿಗೆ ಹಿಡಿಸುವುದಿಲ್ಲ ಮಗಾ."

"ಹಾಗಾದರೆ ತಟ್ಟೆ ನೀವೇ ಇಟ್ಟದ್ದಾ?"

"ಅಲ್ಲ."

"ಮತ್ತೆ? ಜನ ಉಗೀತಾರೆ, ಗೊತ್ತುಂಟಾ?"

"ಉಗೀಲಿ" ಎಂದು ಅವರು ಲೆನ್ಸು ಒರಸುವ ಬಟ್ಟೆ ಕೈಗೆತ್ತಿಕೊಂಡರು. ಒರಸಿದ್ದನ್ನೇ ಒರಸಿದರು. ನನಗೆ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದನ್ನು ಹೇಳಿ ಮನೆಗೆ ಬಂದೆ.

ಅಮ್ಮ ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಕೂತಿದ್ದರು. ನಾನು ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಕಾರಿಕೊಂಡೆ. ಅಮ್ಮ ಬೀಡಿಯಿಂದ ಕಣ್ಣೆತ್ತಲಿಲ್ಲ. ಆಣೆಯ ಮಾತು ಹೇಳಿದಾಗ ಮಾತ್ರ ಕೈ ನಿಂತಿತು.

"ಇನ್ನೊಮ್ಮೆ ಹೇಳು. 'ಯಾವ ಫೋಟೊದಲ್ಲೂ' ಅಂತಲೇ ಹೇಳಿದ್ದಾ?"

"ಹೌದು. ಅದರಲ್ಲಿ ಎಂತ?"

"ಎಂತ ಇಲ್ಲ. ಸಂಕ್ರಮಣಕ್ಕೆ ನಾನೂ ಬರ್ತೇನೆ."

ಅಪ್ಪ ಹೋದ ಮೇಲೆ ಅಮ್ಮ ಹತ್ತು ಜನ ಸೇರಿದಲ್ಲಿಗೆ ಹೋದವರಲ್ಲ. ಆ ದಿನ ಒಗೆದ ಸೀರೆ ಉಟ್ಟು, ನನಗಿಂತ ಮುಂದೆ ನಡೆದರು.

ದೈವಸ್ಥಾನದ ಅಂಗಳ ತುಂಬಿತ್ತು. ತಟ್ಟೆಯವರು ಒಂದು ಬದಿ, ಮುಟ್ಟಾಳೆಯವರು ಇನ್ನೊಂದು ಬದಿ. ಸಲಾಂ ಸಾಹುಕಾರರೂ ಬಂದು ಗೇಟಿನ ಹೊರಗೆ ನಿಂತಿದ್ದರು, ಅವರ ಲಾರಿಗೆ ಊರವರು ತಟ್ಟೆ ಲಾರಿ ಎಂದು ಹೆಸರಿಟ್ಟು ಅವರಿಗೂ ಸಾಕಾಗಿತ್ತು. ಮಾಮ ಬಿಳಿ ಅಂಗಿ ಹಾಕಿ, ಮುಖ ಒರಸುವ ಬೈರಾಸು ಹೆಗಲಿಗೆ ಹಾಕಿಕೊಂಡು ಬಂದರು. ಕುಶಾಲಪ್ಪನವರು ಆಣೆಯ ಮಾತು ಓದುವವರ ಹಾಗೆ ಹೇಳಿ, ಇದನ್ನು ಹೇಳಿ ಎಂದರು.

"ನಾನು ಆ ಮಾತು ಹೇಳುವುದಿಲ್ಲ" ಎಂದರು ಮಾಮ.

"ಅಂದರೆ ಒಪ್ಪಿಕೊಂಡ ಹಾಗೆ?"

"ನೀವು ಹೇಗೆ ಬೇಕಾದರೂ ತಿಳ್ಕೊಳ್ಳಿ. ನಾನು ಬಂದದ್ದು, ಹೆದರಿ ಬರಲಿಲ್ಲ ಅಂತ ಆಗಬಾರದು ಅಂತ."

ಯಾರೋ ನಕ್ಕರು. ಒಬ್ಬ, "ಆಯ್ತಲ್ಲ, ಇನ್ನು ಮುಟ್ಟಾಳೆಗೆ ಒಂದು ಪೂಜೆ ಮಾಡಿಸುವ" ಎಂದ. ಮಾಮ ತಲೆ ತಗ್ಗಿಸಿ ತಿರುಗಿದರು. ಹದಿನೈದು ವರ್ಷ ಕಟ್ಟಿದ ಹೆಸರು ಅಲ್ಲಿ ಅಂಗಳದ ಮಣ್ಣಿನಲ್ಲಿ ಬೀಳುತ್ತಿತ್ತು, ಅವರು ಅದನ್ನು ಬೀಳಲು ಬಿಟ್ಟಿದ್ದರು.

ಆಗ ಅಮ್ಮ ಹೆಂಗಸರ ನಡುವಿನಿಂದ ಎದುರಿಗೆ ಬಂದರು.

"ಕುಶಾಲಪ್ಪಣ್ಣ, ಅವರು ಯಾಕೆ ಹೇಳುವುದಿಲ್ಲ ಅಂತ ನಾನು ಹೇಳ್ತೇನೆ. ನಮ್ಮ ಮನೆಯಲ್ಲಿ ನನ್ನ ಗಂಡನ ಫೋಟೊ ಉಂಟಲ್ಲ, ನೀವೂ ನೋಡಿದ್ದೀರಿ. ಅದರಲ್ಲಿ ಇರುವುದು ಅವರ ಕಣ್ಣಲ್ಲ. ತೀರಿಕೊಂಡ ಮೇಲೆ ತೆಗೆದ ಫೋಟೊಕ್ಕೆ ಇವರು ಕಣ್ಣು ಬರೆದದ್ದು. ನನಗೆ ಅದು ಗೊತ್ತಾಗಬಾರದು ಅಂತ ಈಗ ಇಲ್ಲಿ ಮರ್ಯಾದೆ ಕಳ್ಕೊಳ್ತಾ ಇದ್ದಾರೆ."

ಮಾಮ ಗಕ್ಕನೆ ಹಿಂದೆ ತಿರುಗಿದರು. "ಸೇಸಕ್ಕ, ನಿಮಗೆ ಯಾರು ಹೇಳಿದ್ದು?"

"ಯಾರು ಹೇಳಬೇಕು? ಅವರು ದಿನವಿಡೀ ಹೊಳೆಯ ಬಿಸಿಲಲ್ಲಿ ಇದ್ದವರು. ಸಣ್ಣ ಕಣ್ಣು, ಯಾವಾಗಲೂ ಅರ್ಧ ಮುಚ್ಚಿದ್ದೇ. ನೀವು ತಂದ ಫೋಟೊದಲ್ಲಿ ಇದ್ದದ್ದು ನನ್ನ ಮಗಳ ಕಣ್ಣು. ದಿನಾ ಕಾಡಿಗೆ ಹಚ್ಚುವವಳು ನಾನು, ನನಗೆ ಗುರ್ತ ಸಿಗ್ಲಿಕ್ಕಿಲ್ವಾ?"

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನನಗೆ ಸಿಟ್ಟು ಬಂತು, ಅಳು ಬಂತು, ಯಾವುದು ಮೊದಲು ಬಂತೆಂದು ಹೇಳಲಾರೆ. ಇಷ್ಟು ವರ್ಷ ಅಪ್ಪ ನನ್ನನ್ನು ನೋಡುತ್ತಿದ್ದಾರೆಂದು ನಂಬಿ ಯಾವ ಕಣ್ಣಿನ ಎದುರು ನಿಂತಿದ್ದೆನೋ ಅದು ನನ್ನದೇ ಆಗಿತ್ತು. ಆ ಕ್ಷಣಕ್ಕೆ ನನ್ನ ಅಪ್ಪ ಎರಡನೇ ಸಲ ಸತ್ತ ಹಾಗಾಯಿತು. ಆದರೆ ಮಾಮನ ಮೇಲೆ ದ್ವೇಷ ಮಾತ್ರ ಹುಟ್ಟಲಿಲ್ಲ. ಅವರು ಸಿಕ್ಕಿಬಿದ್ದ ಮಗುವಿನ ಹಾಗೆ ನಿಂತಿದ್ದರು.

"ನಾನು ಅವರನ್ನು ಬದುಕಿದ್ದಾಗ ನೋಡಿದವನಲ್ಲ" ಎಂದರು ಮಾಮ, ಕುಶಾಲಪ್ಪನವರಿಗೋ ಅಮ್ಮನಿಗೋ ಗೊತ್ತಾಗದ ಹಾಗೆ. "ಬೇರೆ ಯಾರದ್ದೋ ಕಣ್ಣು ಬರೆಯುವುದಕ್ಕಿಂತ ಅವರ ರಕ್ತದ್ದೇ ಇರಲಿ ಅಂತ ಮಗುವನ್ನು ನೋಡಿ ಬರೆದೆ. ತಪ್ಪೇ." ಬೈರಾಸಿನಲ್ಲಿ ಮುಖ ಒರಸಿಕೊಂಡರು.

ಕುಶಾಲಪ್ಪನವರು ತಾವೇ ಕಟ್ಟಿದ ಮಾತನ್ನು ತಾವೇ ಬಿಚ್ಚಿದರು. ಅದಕ್ಕೆ ನಾನು ಅವರನ್ನು ಇಂದಿಗೂ ಗೌರವಿಸುತ್ತೇನೆ. "ಧರ್ಣಪ್ಪ, ಲಾರಿಯ ಫೋಟೊದ್ದು ಮಾತ್ರ ಹೇಳಿ. ಸಾಕು."

ಮಾಮ ದೈವದ ಗುಡಿಯ ಕಡೆ ತಿರುಗಿ ಕೈಮುಗಿದು ಹೇಳಿದರು: "ನೆರಿಯದ ಲಾರಿಯ ಫೋಟೊದಲ್ಲಿ ಆಕಾಶದಲ್ಲಿ ಕಾಣುವುದನ್ನು ನಾನು ಇಟ್ಟದ್ದಲ್ಲ. ನನ್ನ ಕಣ್ಣಿನಿಂದ ನಾನು ಅದನ್ನು ಕಂಡದ್ದೂ ಅಲ್ಲ."

"ಮತ್ತೆ ಅದು ಎಂತದ್ದು?" ಎಂದು ತಟ್ಟೆ ಪಕ್ಷದವನೊಬ್ಬ ತಡೆಯಲಾರದೆ ಕೇಳಿದ.

"ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಆಣೆ ಹಾಕ್ಲಿಕ್ಕಾಗ್ತದಾ ಮಾರಾಯ?"

ವಾದ ಅಲ್ಲಿಗೆ ಮುಗಿಯಿತೆಂದು ತಿಳಿಯಬೇಡಿ. ತಟ್ಟೆಯೋ ಮುಟ್ಟಾಳೆಯೋ ಎಂದು ಸುಲೈಮಾನರ ಹೋಟೆಲಿನಲ್ಲಿ ಇನ್ನೂ ಎಷ್ಟೋ ವರ್ಷ ಚಹಾ ಖರ್ಚಾಯಿತು. ಆದರೆ ಅದು ಧರ್ಣಪ್ಪ ಇಟ್ಟದ್ದು ಎಂದು ಆ ದಿನದಿಂದ ಯಾರೂ ಹೇಳಲಿಲ್ಲ. ಮುಂದಿನ ಸಲದ ಮದುವೆಯ ಕಾಲಕ್ಕೆ ಗಾಜಿನ ಹಂಚಿನ ಕೆಳಗೆ ಪುನಃ ಮದುಮಕ್ಕಳು ಬಂದು ಕೂತರು.

ಆ ಸಂಕ್ರಮಣದ ದಿನ ಬಿಸಿಲೇರುವ ಹೊತ್ತಿಗೆ ನಾವು ಮೂವರೂ ಹೊಳೆಯ ಬದಿಯ ದಾರಿಯಲ್ಲಿ ವಾಪಸು ಹೊರಟೆವು. ಅಮ್ಮ ಮುಂದೆ, ನಾನು ನಡುವೆ, ಮಾಮ ಹಿಂದೆ.

ಮಾಮ ಹಿಂದಿನಿಂದ ಹೇಳಿದರು: "ಸೇಸಕ್ಕ, ನಾನು ನಿಮಗೆ ಸುಳ್ಳು ಹೇಳಿದೆ."

ಅಮ್ಮ ನಿಂತು ತಿರುಗಿದರು. "ಹೌದು, ಹೇಳಿದಿರಿ. ಗಂಡ ಸತ್ತ ಆ ವರ್ಷ ಎಲ್ಲರೂ ಬಂದು ನನ್ನ ಹತ್ತಿರ ಸತ್ಯವನ್ನೇ ಹೇಳಿದರು ಧರ್ಣಪ್ಪಣ್ಣ. ಇನ್ನು ನೀನು ಹೇಗೆ ಬದುಕ್ತಿ, ಈ ಹೆಣ್ಣುಮಗುವನ್ನು ಹೇಗೆ ಸಾಕ್ತಿ ಅಂತ. ನನಗೋಸ್ಕರ ಕೂತು ಒಂದು ಸುಳ್ಳು ಮಾಡಿದ್ದು ನೀವೊಬ್ಬರೇ."

ಅಮ್ಮ ಸೆರಗು ತಲೆಗೆ ಎಳೆದುಕೊಂಡು, ಊಟಕ್ಕೆ ನಮ್ಮಲ್ಲಿಗೇ ಬನ್ನಿ ಎಂದು ಹೇಳಿ ಮುಂದೆ ನಡೆದರು.